ಪ್ರೊಫೈಲ್ ಹಾಕಿದರೂ ಗೆರೆ ಬಾಗಿಯೇ ಇದೆಯಾ? ಲೆನ್ಸ್ ಡಿಸ್ಟಾರ್ಷನ್ ತೆಗೆಯುವ ಸಮಗ್ರ ಮಾರ್ಗದರ್ಶಿ

"ಪ್ರೊಫೈಲ್ ಆನ್ ಮಾಡಿದ್ದೇನೆ, ಆದರೂ ಗೋಡೆ ಬಾಗಿಯೇ ಇದೆ." "ಸ್ಲೈಡರ್ ಪೂರ್ತಿ ಎಳೆದೆ, ಈಗ ಗೋಡೆ ಒಳಕ್ಕೆ ಬಾಗಿತು." ಓದುಗರ ದೂರು ಹೆಚ್ಚುಕಮ್ಮಿ ಈ ಎರಡೇ. ನೇರ ಗೆರೆಯನ್ನು ಲೆನ್ಸ್ ಬಾಗಿಸಿ ತೋರಿಸುವುದೇ ಡಿಸ್ಟಾರ್ಷನ್; ಯಾವ ಲೆನ್ಸ್ ಎಷ್ಟು ಬಾಗಿಸುತ್ತದೆ ಎಂದು ಅಳೆದಿಟ್ಟ, ಸಾಫ್ಟ್‌ವೇರ್ ತಿದ್ದಲು ಬಳಸುವ ಲೆಕ್ಕವೇ ಪ್ರೊಫೈಲ್. ಎರಡರಲ್ಲೂ ಸಾಫ್ಟ್‌ವೇರ್‌ನ ತಪ್ಪು ಕಡಿಮೆ. ಒಂದೋ ಲೆನ್ಸ್‌ನದ್ದಲ್ಲದ ದೋಷವನ್ನು ಲೆನ್ಸ್ ಸ್ಲೈಡರ್‌ನಿಂದ ತೆಗೆಯಲು ಹೊರಟಿರುತ್ತಾರೆ, ಇಲ್ಲವೇ ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ. ಹಾಗಾಗಿ ಇಲ್ಲಿ ಯಾವ ಬಟನ್ ಎಲ್ಲಿದೆ ಎನ್ನುವುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದಕ್ಕೇ ಜಾಸ್ತಿ ಜಾಗ.

## ಶುರು ಮಾಡುವ ಮುನ್ನ ಏನೇನು ಬೇಕು

ಮೂಲ ಫೈಲ್ ಬೇಕು, ಸಾಧ್ಯವಾದರೆ ರಾ ಫೈಲ್, ಅಂದರೆ ಸೆನ್ಸರ್ ಹಿಡಿದದ್ದನ್ನು ಕ್ಯಾಮೆರಾ ಜೆಪೆಗ್ ಮಾಡದೇ ಹಾಗೇ ಉಳಿಸಿದ್ದು. ವಾಟ್ಸ್ಆ್ಯಪ್‌ನಲ್ಲಿ ಫೋಟೋ ಆಗಿ ಬಂದದ್ದು, ಯಾರೋ ಕ್ರಾಪ್ ಮಾಡಿ ಕೊಟ್ಟದ್ದು ಆಗುವುದಿಲ್ಲ. ಅದರಲ್ಲಿ ಲೆನ್ಸ್‌ನ ಮಾಹಿತಿ ಸಾಮಾನ್ಯವಾಗಿ ಅಳಿಸಿಹೋಗಿರುತ್ತದೆ.

ಸಾಫ್ಟ್‌ವೇರ್ ಒಂದು ಸಾಕು. ದುಡ್ಡು ಕೊಡುವವರಿಗೆ ಲೈಟ್‌ರೂಮ್, ಕ್ಯಾಪ್ಚರ್ ಒನ್, ಡಿಎಕ್ಸ್‌ಒ ಫೋಟೋಲ್ಯಾಬ್ ಇವೆ. ಉಚಿತವಾಗಿ ಡಾರ್ಕ್‌ಟೇಬಲ್, ರಾಥೆರಪಿ, ಡಿಜಿಕ್ಯಾಮ್ ಸಿಗುತ್ತವೆ. ಈ ಮೂರೂ ಲೆನ್ಸ್‌ಫನ್ ಎಂಬ, ಲೆನ್ಸ್ ಪ್ರೊಫೈಲ್‌ಗಳ ಮುಕ್ತ ಡೇಟಾಬೇಸನ್ನು ಬಳಸುತ್ತವೆ. ಒಂದರಲ್ಲಿ ನಿಮ್ಮ ಲೆನ್ಸ್ ಸಿಗಲಿಲ್ಲ ಅಂದರೆ ಇನ್ನೊಂದರಲ್ಲೂ ಸಿಗುವುದು ಕಷ್ಟ. ಡೇಟಾಬೇಸ್ ಹಳೆಯದಾಗಿರಬಹುದು. ಅದನ್ನು ಅಪ್‌ಡೇಟ್ ಮಾಡುವ ಪುಟ್ಟ ಕಮಾಂಡ್ ಲೆನ್ಸ್‌ಫನ್ ಜೊತೆಗೇ ಬರುತ್ತದೆ, ಮೊದಲು ಅದನ್ನು ಓಡಿಸಿ ನೋಡಿ. ಪ್ರೊಫೈಲ್ ಇಲ್ಲದ ಲೆನ್ಸ್ ನಿಮ್ಮದಾಗಿದ್ದರೆ ಹ್ಯೂಗಿನ್ ಕೂಡ ಹಾಕಿಕೊಳ್ಳಿ. ಪನೋರಮಾ ಜೋಡಿಸುವ ಉಚಿತ ಸಾಫ್ಟ್‌ವೇರ್ ಅದು. ಕೊನೆಯ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

## ಹಂತ 1: ಇದು ಲೆನ್ಸ್‌ನ ದೋಷವೇ, ಅಲ್ಲವೇ?

ಅರ್ಧ ಜನ ಎಡವುವುದೇ ಇಲ್ಲಿ. ಫೋಟೋದಲ್ಲಿರುವ ಒಂದು ಉದ್ದನೆಯ ಗೆರೆ ಆರಿಸಿಕೊಳ್ಳಿ. ಬಾಗಿಲಿನ ಚೌಕಟ್ಟು, ಕಪಾಟಿನ ಅಂಚು, ಯಾವುದಾದರೂ ಸರಿ. ಈಗ ಒಂದೇ ಪ್ರಶ್ನೆ: ಆ ಗೆರೆ ಬಾಗಿದೆಯೋ, ಬರೀ ವಾಲಿದೆಯೋ?

ಬಾಗಿದ್ದರೆ ಅದು ಲೆನ್ಸ್ ಡಿಸ್ಟಾರ್ಷನ್. ನೆಟ್ಟಗೇ ಇದ್ದು ಓರೆಯಾಗಿದ್ದರೆ ಅದು ಪರ್ಸ್ಪೆಕ್ಟಿವ್. ಎತ್ತರದ ಕಟ್ಟಡವನ್ನು ಕೆಳಗಿನಿಂದ ತೆಗೆದಾಗ ಅದು ಮೇಲೆ ಹೋದಂತೆ ಕಿರಿದಾಗಿ ಹಿಂದಕ್ಕೆ ಬಿದ್ದಂತೆ ಕಾಣುತ್ತದಲ್ವಾ, ಅದು ಲೆನ್ಸ್‌ನ ತಪ್ಪಲ್ಲ. ಕ್ಯಾಮೆರಾ ಮೇಲಕ್ಕೆ ವಾಲಿತ್ತು, ಅಷ್ಟೇ. ಎಷ್ಟೇ ದುಬಾರಿ ಲೆನ್ಸ್ ಹಾಕಿದರೂ ಅದು ಹಾಗೇ ಬರುತ್ತದೆ, ಡಿಸ್ಟಾರ್ಷನ್ ಸ್ಲೈಡರ್ ಎಷ್ಟು ಎಳೆದರೂ ಹೋಗುವುದಿಲ್ಲ. ಅದಕ್ಕೆ ಮದ್ದು ಹಂತ 7ರಲ್ಲಿದೆ.

ಬಾಗಿರುವುದು ಖಚಿತವಾದರೆ ಯಾವ ಬಗೆ ಎಂದು ನೋಡಿ. ಗೆರೆಯ ನಡುಭಾಗ ಫೋಟೋದ ಅಂಚಿನ ಕಡೆಗೆ ಉಬ್ಬಿದ್ದರೆ ಬ್ಯಾರಲ್. ನಡುಭಾಗ ಫೋಟೋದ ಮಧ್ಯಕ್ಕೆ ಒತ್ತಿಕೊಂಡಿದ್ದರೆ ಪಿನ್‌ಕುಷನ್. ನಡುವೆ ಉಬ್ಬಿ, ಎರಡೂ ತುದಿಯಲ್ಲಿ ಮತ್ತೆ ತಿರುಗಿಕೊಂಡಿದ್ದರೆ ಮಸ್ಟಾಶ್, ಹೆಸರೇ ಹೇಳುವಂತೆ ಮೀಸೆಯ ಆಕಾರ. ಬಹಳಷ್ಟು ಜೂಮ್ ಲೆನ್ಸ್‌ಗಳಲ್ಲಿ ಅಗಲ ನೋಟದ (ವೈಡ್) ತುದಿಯಲ್ಲಿ ಬ್ಯಾರಲ್ ಇರುತ್ತದೆ, ದೂರದ್ದನ್ನು ಹತ್ತಿರ ತರುವ ಟೆಲಿ ಕಡೆ ಹೋದಂತೆ ಪಿನ್‌ಕುಷನ್‌ಗೆ ತಿರುಗುತ್ತದೆ, ನಡುವೆ ಎಲ್ಲೋ ಒಂದು ಕಡೆ ದೋಷವೇ ಇಲ್ಲ ಅನ್ನಿಸುತ್ತದೆ. ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಬದಲಿಸಿದರೆ ಈ ಬಾಗು ಬದಲಾಗುವುದಿಲ್ಲ. ಫೋಕಲ್ ಲೆಂತ್ ಬದಲಿಸಿದರೆ, ಅಂದರೆ ಜೂಮ್ ಮಾಡಿದರೆ, ಆಗುತ್ತದೆ, ತುಂಬ ಹತ್ತಿರಕ್ಕೆ ಫೋಕಸ್ ಮಾಡಿದರೂ ಸ್ವಲ್ಪ ಆಗುತ್ತದೆ.

ಸಾಮಾನ್ಯ ತಪ್ಪು: ಫೋಟೋದ ಮಧ್ಯದಲ್ಲಿ ಹಾದುಹೋಗುವ ಗೆರೆಯನ್ನು ನೋಡಿ ತೀರ್ಮಾನಿಸುವುದು. ಡಿಸ್ಟಾರ್ಷನ್ ಮಧ್ಯಬಿಂದುವಿನಿಂದ ಹೊರಕ್ಕೆ ಅಥವಾ ಒಳಕ್ಕೆ ತಳ್ಳುತ್ತದೆ. ಹಾಗಾಗಿ ಮಧ್ಯದ ಮೂಲಕ ಹೋಗುವ ಗೆರೆ ಎಷ್ಟೇ ಕೆಟ್ಟ ಲೆನ್ಸ್‌ನಲ್ಲೂ ನೆಟ್ಟಗೇ ಇರುತ್ತದೆ. ಕ್ಷಿತಿಜ ನಡುವೆ ಬಂದರೆ ನೇರ, ಅದೇ ಕ್ಷಿತಿಜ ಫೋಟೋದ ಮೇಲ್ಭಾಗಕ್ಕೆ ಹೋದರೆ ಬಿಲ್ಲು. ಪರೀಕ್ಷೆಗೆ ಯಾವಾಗಲೂ ಉದ್ದನೆಯ ಅಂಚಿನ ಪಕ್ಕದ ಗೆರೆಯನ್ನೇ ಹಿಡಿಯಿರಿ.

## ಹಂತ 2: ಫೈಲ್ ಆಗಲೇ ತಿದ್ದಿದ್ದೇ ಎಂದು ನೋಡಿ

ಈಗಿನ ಕ್ಯಾಮೆರಾಗಳಲ್ಲಿ ಹಲವು, ಜೆಪೆಗ್ ಉಳಿಸುವ ಮೊದಲು ತಾವೇ ಡಿಸ್ಟಾರ್ಷನ್ ತೆಗೆದುಬಿಡುತ್ತವೆ. ಮೊಬೈಲ್‌ನ ಅಲ್ಟ್ರಾವೈಡ್ ಕ್ಯಾಮೆರಾಗಳೂ ಹಾಗೇ. ಅಂಥ ಜೆಪೆಗ್ ಮೇಲೆ ನೀವು ಮತ್ತೆ ಪ್ರೊಫೈಲ್ ಹಾಕಿದರೆ ಎರಡು ಸಲ ತಿದ್ದಿದಂತಾಗುತ್ತದೆ, ಬ್ಯಾರಲ್ ಇದ್ದದ್ದು ಪಿನ್‌ಕುಷನ್ ಆಗುತ್ತದೆ. ಮೇಲೆ ಹೇಳಿದ ಎರಡನೇ ದೂರು, ಗೋಡೆ ಒಳಕ್ಕೆ ಬಾಗಿದ್ದು, ಬಹಳ ಸಲ ಇದರಿಂದಲೇ ಬರುತ್ತದೆ.

ಕ್ಯಾಮೆರಾ ಮೆನುವಿನಲ್ಲಿ ಡಿಸ್ಟಾರ್ಷನ್ ಕರೆಕ್ಷನ್ ಆನ್ ಇದೆಯೇ ನೋಡಿ. ಜೆಪೆಗ್ ಮಾತ್ರ ತೆಗೆಯುವವರು ಅದನ್ನು ಆನ್ ಇಟ್ಟು, ಕಂಪ್ಯೂಟರ್‌ನಲ್ಲಿ ಪ್ರೊಫೈಲ್ ಗೋಜಿಗೇ ಹೋಗದಿರುವುದು ಒಳ್ಳೆಯದು.

ರಾ ಫೈಲ್‌ನ ಕತೆ ಸ್ವಲ್ಪ ಬೇರೆ. ಮೈಕ್ರೊ ಫೋರ್ ತರ್ಡ್ಸ್‌ನಂಥ ಕ್ಯಾಮೆರಾ ವ್ಯವಸ್ಥೆಗಳಲ್ಲಿ ತಿದ್ದುಪಡಿಯ ಲೆಕ್ಕ ರಾ ಫೈಲ್ ಒಳಗೇ ಬರೆದಿರುತ್ತದೆ. ಲೈಟ್‌ರೂಮ್ ಅದನ್ನು ಓದಿ, ಕೇಳದೇ ಹಾಕಿಬಿಡುತ್ತದೆ. ಲೆನ್ಸ್ ಕರೆಕ್ಷನ್ಸ್ ಪ್ಯಾನೆಲ್‌ನ ಕೆಳಗೆ ಬಿಲ್ಟ್-ಇನ್ ಲೆನ್ಸ್ ಪ್ರೊಫೈಲ್ ಹಾಕಲಾಗಿದೆ ಎಂಬ ಸಣ್ಣ ಸಾಲು ಕಂಡರೆ ನಿಮ್ಮ ಕೆಲಸ ಆಗಲೇ ಮುಗಿದಿದೆ. ಅದೇ ಫೈಲನ್ನು ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆದಾಗ ಗೆರೆಗಳು ದಿಢೀರನೆ ಬಾಗಿದಂತೆ ಕಂಡರೆ ಗಾಬರಿ ಬೇಡ. ಅದು ಆ ಲೆಕ್ಕವನ್ನು ಬಳಸಿಲ್ಲ, ಅಷ್ಟೇ.

## ಹಂತ 3: ಲೆನ್ಸ್‌ನ ಹೆಸರು ಸರಿ ಇದೆಯೇ?

ಸಾಫ್ಟ್‌ವೇರ್ ಲೆನ್ಸನ್ನು ನೋಡುವುದಿಲ್ಲ, ಫೈಲ್‌ನಲ್ಲಿ ಬರೆದ ಹೆಸರು ಮತ್ತು ಫೋಕಲ್ ಲೆಂತನ್ನು ಓದುತ್ತದೆ. ಆ ಹೆಸರು ತಪ್ಪಿದ್ದರೆ ಮುಂದಿನದ್ದೆಲ್ಲ ತಪ್ಪು. ಎಕ್ಸಿಫ್ ಮಾಹಿತಿ (ಕ್ಯಾಮೆರಾ ಫೈಲ್ ಒಳಗೆ ಬರೆದಿಡುವ ವಿವರ) ತೆರೆದು ಲೆನ್ಸ್ ಮಾಡೆಲ್, ಫೋಕಲ್ ಲೆಂತ್ ಎರಡನ್ನೂ ಕಣ್ಣಾರೆ ನೋಡಿ. ಎಕ್ಸಿಫ್‌ಟೂಲ್ ಎಂಬ, ಆ ಮಾಹಿತಿ ಓದುವ ಪ್ರೋಗ್ರಾಂ ಇದ್ದರೆ ಇನ್ನೂ ಸಲೀಸು.

ಮೂರು ಕಡೆ ಹೆಸರು ಕೈಕೊಡುತ್ತದೆ. ಹಳೆಯ ಮ್ಯಾನುವಲ್ ಲೆನ್ಸ್‌ನಲ್ಲಿ ಎಲೆಕ್ಟ್ರಾನಿಕ್ ಸಂಪರ್ಕವೇ ಇರುವುದಿಲ್ಲ, ಹೆಸರಿನ ಜಾಗ ಖಾಲಿ. ಬೇರೆ ಕಂಪನಿಯ ಲೆನ್ಸ್ ಕೆಲವೊಮ್ಮೆ ಇನ್ಯಾವುದೋ ಲೆನ್ಸ್‌ನ ಹೆಸರಲ್ಲಿ ಕಾಣಿಸಿಕೊಳ್ಳುತ್ತದೆ. ಇನ್ನು ಒಂದೇ ಲೆನ್ಸ್‌ನ ಮೊದಲ, ಎರಡನೇ ಆವೃತ್ತಿಗಳು. ಹೆಸರು ಹೆಚ್ಚುಕಮ್ಮಿ ಒಂದೇ, ಒಳಗಿನ ಗಾಜು ಬೇರೆ. ಪಟ್ಟಿಯಿಂದ ಆರಿಸುವಾಗ ಕೊನೆಯ ಅಕ್ಷರದವರೆಗೂ ಓದಿ.

ಲೆನ್ಸ್‌ಫನ್ ಬಳಸುವವರಿಗೆ ಇನ್ನೊಂದು ಮಾತು. ಸಣ್ಣ ಸೆನ್ಸರ್‌ನ ಕ್ಯಾಮೆರಾದಲ್ಲಿ ಅಳೆದ ಪ್ರೊಫೈಲನ್ನು ಅದು ದೊಡ್ಡ ಸೆನ್ಸರ್‌ನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಹಾಕುವುದಿಲ್ಲ. ಮೂಲೆಗಳನ್ನು ಅಳೆದೇ ಇಲ್ಲವಲ್ಲ. ಉಲ್ಟಾ ಆದರೆ ತೊಂದರೆಯಿಲ್ಲ. ಪಟ್ಟಿಯಲ್ಲಿ ಲೆನ್ಸ್ ಇದ್ದರೂ ನಿಮ್ಮ ಕ್ಯಾಮೆರಾಕ್ಕೆ ಸಿಗುತ್ತಿಲ್ಲ ಅಂದರೆ ಕಾರಣ ಇದೇ ಇರಬಹುದು.

## ಹಂತ 4: ಪ್ರೊಫೈಲ್ ಹಾಕಿ, ಕ್ರಾಪ್ ಮುಟ್ಟಬೇಡಿ

ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಡೆವಲಪ್‌ಗೆ ಹೋಗಿ, ಲೆನ್ಸ್ ಕರೆಕ್ಷನ್ಸ್ ತೆರೆದು, ಪ್ರೊಫೈಲ್ ಟ್ಯಾಬ್‌ನಲ್ಲಿ ಎನೇಬಲ್ ಪ್ರೊಫೈಲ್ ಕರೆಕ್ಷನ್ಸ್ ಟಿಕ್ ಮಾಡಿ. ಅಲ್ಲೇ ಇರುವ ರಿಮೂವ್ ಕ್ರೊಮ್ಯಾಟಿಕ್ ಅಬರೇಷನ್ ಕೂಡ ಟಿಕ್ ಮಾಡಿ, ಬಣ್ಣದ ಅಂಚುಗಳನ್ನು ತೆಗೆಯುವುದು ಅದೇ. ಲೆನ್ಸ್ ತಾನಾಗಿ ಸಿಗದಿದ್ದರೆ ಮೇಕ್, ಮಾಡೆಲ್ ನೀವೇ ಆರಿಸಿ. ರಾ ಫೈಲ್‌ಗೆ ಕಾಣುವ ಪ್ರೊಫೈಲ್‌ಗಳೆಲ್ಲ ಜೆಪೆಗ್‌ಗೆ ಕಾಣುವುದಿಲ್ಲ. "ನನ್ನ ಲೆನ್ಸ್ ಪಟ್ಟಿಯಲ್ಲೇ ಇಲ್ಲ" ಎನ್ನುವವರು ಮೊದಲು ತಾವು ತೆರೆದಿರುವುದು ಯಾವ ಫೈಲ್ ಎಂದು ನೋಡಲಿ.

ಡಾರ್ಕ್‌ಟೇಬಲ್‌ನಲ್ಲಿ ಲೆನ್ಸ್ ಕರೆಕ್ಷನ್ ಮಾಡ್ಯೂಲ್ ಆನ್ ಮಾಡಿದರೆ ಸಾಕು. ಕ್ಯಾಮೆರಾ, ಲೆನ್ಸ್ ಎರಡೂ ಸರಿಯಾಗಿ ತೋರುತ್ತಿವೆಯೇ ನೋಡಿ. ರಾಥೆರಪಿಯಲ್ಲಿ ಟ್ರಾನ್ಸ್‌ಫಾರ್ಮ್ ಟ್ಯಾಬ್, ಅದರೊಳಗೆ ಪ್ರೊಫೈಲ್ಡ್ ಲೆನ್ಸ್ ಕರೆಕ್ಷನ್. ರಾಥೆರಪಿಯ ಒಂದು ಅನುಕೂಲ, ಲೈಟ್‌ರೂಮ್ ಮಾಡುವ ಅಡೋಬಿಯ ಎಲ್‌ಸಿಪಿ ಪ್ರೊಫೈಲ್ ಫೈಲ್ ನಿಮ್ಮ ಹತ್ತಿರ ಇದ್ದರೆ ಅದನ್ನೂ ಕೊಡಬಹುದು.

ಈ ಹಂತಕ್ಕೆ ಮೊದಲು ಕ್ರಾಪ್ ಮಾಡಿ ಬೇರೆ ಫೈಲ್ ಆಗಿ ಉಳಿಸಿದ್ದರೆ ಪ್ರೊಫೈಲ್ ಸರಿಯಾಗಿ ಕೂರುವುದಿಲ್ಲ. ಪ್ರೊಫೈಲ್‌ನ ಲೆಕ್ಕವೆಲ್ಲ ಫೋಟೋದ ಮಧ್ಯಬಿಂದುವನ್ನು ನಂಬಿಕೊಂಡಿದೆ. ಕ್ರಾಪ್ ಮಾಡಿದ ಮೇಲೆ ಹೊಸ ಫೈಲ್‌ನ ಮಧ್ಯ ಬೇರೆ, ಲೆನ್ಸ್‌ನ ಮಧ್ಯ ಬೇರೆ. ಎಡಗಡೆ ಗೆರೆ ನೆಟ್ಟಗಾಗಿ ಬಲಗಡೆಯದು ಬಾಗಿಯೇ ಉಳಿದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಬಣ್ಣದ ಅಂಚುಗಳನ್ನೂ, ಅಂದರೆ ಕೊಂಬೆಗಳ ಪಕ್ಕ ಕಾಣುವ ಕೆಂಪು, ಹಸಿರು ಗೆರೆಗಳನ್ನೂ, ಇದೇ ಹಂತದಲ್ಲಿ ತೆಗೆಯಿರಿ. ಅವೂ ಮಧ್ಯಬಿಂದುವಿನಿಂದಲೇ ಹರಡುತ್ತವೆ. ಫೋಟೋವನ್ನು ಎಳೆದು ವಾಲಿಸಿ ಉಳಿಸಿದ ಮೇಲೆ ಆ ಲೆಕ್ಕ ಸಿಗುವುದಿಲ್ಲ.

## ಹಂತ 5: ನಿಜವಾಗಿ ನೆಟ್ಟಗಾಯಿತೇ?

ಫಿಟ್ ಮಾಡಿದ ಸಣ್ಣ ಚಿತ್ರದಲ್ಲಿ ನೋಡಿ "ಆಯ್ತು" ಅನ್ನುವುದು ಬೇಡ. ಗ್ರಿಡ್ ಹಾಕಿ. ಲೈಟ್‌ರೂಮ್‌ನಲ್ಲಿ ಲೂಪ್ ಓವರ್‌ಲೇ, ಡಾರ್ಕ್‌ಟೇಬಲ್‌ನಲ್ಲಿ ಗೈಡ್ಸ್, ಗಿಂಪ್‌ನಲ್ಲಿ ರೂಲರ್‌ನಿಂದ ಎಳೆದು ತರುವ ಗೈಡ್ (ಗಿಂಪ್ ಕೂಡ ಉಚಿತ ಫೋಟೋ ಎಡಿಟರ್). ಗ್ರಿಡ್‌ನ ಒಂದು ಗೆರೆ ನಿಮ್ಮ ಪರೀಕ್ಷೆಯ ಗೆರೆಯ ಎರಡೂ ತುದಿಗೆ ತಾಗುವಂತೆ ನೋಡಿಕೊಳ್ಳಿ. ಬೇಕಾದರೆ ಫೋಟೋವನ್ನು ಚೂರು ತಿರುಗಿಸಿ. ನಡುವೆ ಸಂದು ಉಳಿದರೆ ಅಷ್ಟು ಬಾಗು ಇನ್ನೂ ಇದೆ.

ಇದಕ್ಕಿಂತ ಸರಳವಾದ ಉಪಾಯವೂ ಇದೆ. ಮುಖವನ್ನು ಪರದೆಯ ಪಕ್ಕಕ್ಕೆ ತಂದು, ಒಂದು ಕಣ್ಣು ಮುಚ್ಚಿ, ಗೆರೆಯ ಉದ್ದಕ್ಕೇ ನೋಡಿ. ಬಡಗಿ ರೀಪಿನ ನೇರ ನೋಡುವುದು ಹೀಗೇ ಅಲ್ವಾ? ಎದುರಿನಿಂದ ಕಾಣದ ಬಾಗು ಆ ಕೋನದಲ್ಲಿ ಕಣ್ಣಿಗೆ ಹೊಡೆಯುತ್ತದೆ. ಪರದೆ ಬಾಗಿದ ಮಾದರಿಯದ್ದಾಗಿದ್ದರೆ ಮಾತ್ರ ಈ ಉಪಾಯ ಬಿಟ್ಟು ಗ್ರಿಡ್ ನಂಬಿ.

ಪ್ರೊಫೈಲ್ ಸ್ವಲ್ಪ ಜಾಸ್ತಿ ಅಥವಾ ಕಡಿಮೆ ಅನ್ನಿಸಿದರೆ ಲೈಟ್‌ರೂಮ್‌ನಲ್ಲಿ ಪ್ರೊಫೈಲ್ ಕೆಳಗೇ ಡಿಸ್ಟಾರ್ಷನ್ ಸ್ಲೈಡರ್ ಇದೆ. 100 ಅಂದರೆ ಪ್ರೊಫೈಲ್ ಹೇಳಿದಷ್ಟು, 0 ಅಂದರೆ ಏನೂ ಇಲ್ಲ, 200ರವರೆಗೂ ಹೋಗಬಹುದು. 90, 110 ಹೀಗೆ ಸಣ್ಣ ಹೊಂದಾಣಿಕೆಗಾದರೆ ಸರಿ. 150 ದಾಟಬೇಕಾಗಿ ಬಂತು ಅಂದರೆ ಲೆನ್ಸನ್ನೇ ತಪ್ಪು ಆರಿಸಿದ್ದೀರಿ ಅನ್ನಿಸುತ್ತದೆ. ಹಂತ 3ಕ್ಕೆ ವಾಪಸ್ ಹೋಗಿ.

## ಹಂತ 6: ಪ್ರೊಫೈಲ್ ಇಲ್ಲದಿದ್ದರೆ ಕೈಯಿಂದ ತಿದ್ದಿ

ಲೈಟ್‌ರೂಮ್‌ನ ಮ್ಯಾನುವಲ್ ಟ್ಯಾಬ್‌ನಲ್ಲಿ ಡಿಸ್ಟಾರ್ಷನ್ ಸ್ಲೈಡರನ್ನು ಬಲಕ್ಕೆ ಎಳೆದರೆ ಬ್ಯಾರಲ್ ಹೋಗುತ್ತದೆ, ಎಡಕ್ಕೆ ಎಳೆದರೆ ಪಿನ್‌ಕುಷನ್. ನಿಧಾನವಾಗಿ ಎಳೆದು ಸುಮ್ನೆ ಒಂದು ಅಂದಾಜಿಗೆ ನಿಲ್ಲಿಸಬೇಡಿ. ಬೇಕೆಂದೇ ಗೆರೆ ಉಲ್ಟಾ ಬಾಗುವವರೆಗೆ ಹೋಗಿ, ಅಲ್ಲಿಂದ ಅರ್ಧ ವಾಪಸ್ ಬನ್ನಿ, ಮತ್ತೆ ಚೂರು ಮುಂದೆ. ಎರಡು ಬದಿಯ ತಪ್ಪನ್ನೂ ನೋಡಿದ ಕಣ್ಣಿಗೆ ನಡುವಿನ ಸರಿ ಬೇಗ ಸಿಗುತ್ತದೆ.

ಗಿಂಪ್‌ನಲ್ಲಿ ಫಿಲ್ಟರ್ಸ್, ಡಿಸ್ಟಾರ್ಟ್ಸ್, ಲೆನ್ಸ್ ಡಿಸ್ಟಾರ್ಷನ್. ಇಲ್ಲಿ ಮೇನ್, ಎಡ್ಜ್ ಎಂಬ ಎರಡು ಸ್ಲೈಡರ್ ಮುಖ್ಯ. ಜನ ಎರಡನ್ನೂ ಒಟ್ಟಿಗೆ ಆಡಿಸಿ ಕಳೆದುಹೋಗುತ್ತಾರೆ. ಒಂದು ಪುಸ್ತಕದ ಕಪಾಟಿನ ಫೋಟೋ ಇದೆ ಅಂದುಕೊಳ್ಳಿ, 18 ಎಂಎಂನಲ್ಲಿ ತೆಗೆದದ್ದು, ಮೇಲಿನ ಹಲಗೆ ಫೋಟೋದ ಮೇಲಂಚಿನ ಹತ್ತಿರ ಬಿಲ್ಲಿನಂತೆ ಉಬ್ಬಿದೆ. ಮೊದಲು ಎಡ್ಜ್ ಸೊನ್ನೆಯಲ್ಲೇ ಇರಲಿ. ಮೇನ್ ಒಂದನ್ನೇ ಎಳೆದು ಹಲಗೆಯ ನಡುವಿನ ಭಾಗವನ್ನು ಗೈಡ್‌ಗೆ ಕೂರಿಸಿ. ಈಗ ಹಲಗೆಯ ಎರಡು ತುದಿ ನೋಡಿ. ಅವೂ ಗೈಡ್ ಮೇಲೇ ಇದ್ದರೆ ಮುಗಿಯಿತು. ನಡುವೆ ನೆಟ್ಟಗಿದ್ದು ತುದಿಗಳು ಮಾತ್ರ ಮೇಲಕ್ಕೆ ಎದ್ದಿದ್ದರೆ ಅದು ಮಸ್ಟಾಶ್. ಆಗ ಮಾತ್ರ ಎಡ್ಜ್ ಮುಟ್ಟಿ, ಅದೂ ಚೂರೇ ಚೂರು. ಎಡ್ಜ್ ಬದಲಿಸಿದಾಗ ನಡುಭಾಗವೂ ಸ್ವಲ್ಪ ಅಲುಗುತ್ತದೆ, ಮತ್ತೆ ಮೇನ್‌ಗೆ ಬನ್ನಿ.

ಕ್ರಾಪ್ ಮಾಡಿದ ಫೈಲ್ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುವವರಿಗೆ ಗಿಂಪ್‌ನ ಎಕ್ಸ್ ಶಿಫ್ಟ್, ವೈ ಶಿಫ್ಟ್ ಕೈಹಿಡಿಯುತ್ತವೆ. ಅವು ತಿದ್ದುಪಡಿಯ ಮಧ್ಯಬಿಂದುವನ್ನೇ ಸರಿಸುತ್ತವೆ.

ಒಂದೇ ಸ್ಲೈಡರ್ ಇರುವ ಸಾಫ್ಟ್‌ವೇರ್‌ನಲ್ಲಿ ಮಸ್ಟಾಶ್ ತೆಗೆಯಲು ಒದ್ದಾಡಬೇಡಿ. ನಡುಭಾಗ ಸರಿಮಾಡಿದರೆ ತುದಿ ಕೆಡುತ್ತದೆ, ತುದಿ ಸರಿಮಾಡಿದರೆ ನಡುಭಾಗ. ಅದಕ್ಕೆ ಪ್ರೊಫೈಲೇ ಬೇಕು.

## ಹಂತ 7: ಈಗ ಪರ್ಸ್ಪೆಕ್ಟಿವ್

ಗೆರೆಗಳೆಲ್ಲ ನೆಟ್ಟಗಾದ ಮೇಲೆಯೇ ವಾಲಿದ್ದನ್ನು ನಿಲ್ಲಿಸಿ. ಈ ಕ್ರಮ ಯಾಕೆ ಅಂದರೆ, ಲೈಟ್‌ರೂಮ್‌ನ ಅಪ್‌ರೈಟ್ ಆಗಲಿ, ಡಾರ್ಕ್‌ಟೇಬಲ್‌ನ ರೊಟೇಟ್ ಆ್ಯಂಡ್ ಪರ್ಸ್ಪೆಕ್ಟಿವ್ ಆಗಲಿ, ಫೋಟೋದಲ್ಲಿ ನೇರ ಗೆರೆಗಳನ್ನು ಹುಡುಕಿ ಲೆಕ್ಕ ಹಾಕುತ್ತವೆ. ಬಾಗಿದ ಗೆರೆ ಕೊಟ್ಟರೆ ಲೆಕ್ಕವೇ ತಪ್ಪುತ್ತದೆ. ಮೊದಲು ಅಪ್‌ರೈಟ್ ಒತ್ತಿ, ಆಮೇಲೆ ಪ್ರೊಫೈಲ್ ಆನ್ ಮಾಡಿದ್ದೀರಾ? ಲೈಟ್‌ರೂಮ್‌ನಲ್ಲಿ ಅಪ್‌ಡೇಟ್ ಬಟನ್ ಒತ್ತಿ ಮತ್ತೆ ಲೆಕ್ಕ ಹಾಕಿಸಿ. ಡಾರ್ಕ್‌ಟೇಬಲ್‌ನಲ್ಲಿ ಗೆರೆಗಳನ್ನು ಮತ್ತೆ ಹುಡುಕಿಸಿ.

ಅಪ್‌ರೈಟ್‌ನಲ್ಲಿ ಆಟೋಗಿಂತ, ಗೆರೆಗಳನ್ನು ನಾವೇ ಎಳೆದು ತೋರಿಸುವ ಗೈಡೆಡ್ ನನಗೆ ಇಷ್ಟ. ಕನಿಷ್ಠ ಎರಡು ಗೆರೆ ಎಳೆಯಬೇಕು, ನಾಲ್ಕರವರೆಗೆ ಎಳೆಯಬಹುದು. ಎರಡು ಲಂಬ ಗೆರೆಗಳನ್ನು ಫೋಟೋದ ಎಡ ಮತ್ತು ಬಲ ತುದಿಯಲ್ಲಿ ಆರಿಸಿ. ಪಕ್ಕಪಕ್ಕದ ಎರಡು ಕಿಟಕಿ ಹಿಡಿದರೆ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಎತ್ತರದ ಕಟ್ಟಡವನ್ನು ನೂರಕ್ಕೆ ನೂರು ನೆಟ್ಟಗೆ ನಿಲ್ಲಿಸಿದರೆ ಮೇಲ್ಭಾಗ ದಪ್ಪಗೆ, ಮೈಮೇಲೆ ಬೀಳುವಂತೆ ಕಾಣುತ್ತದೆ. ಸ್ವಲ್ಪ ವಾಲಿಕೆ ಉಳಿಸಿ.

## ಹಂತ 8: ಕ್ರಾಪ್, ಶಾರ್ಪ್, ಎಕ್ಸ್‌ಪೋರ್ಟ್

ತಿದ್ದಿದ ಮೇಲೆ ಅಂಚಿನಲ್ಲಿ ಖಾಲಿ ಜಾಗ ಬರುವುದು ಸಹಜ. ಕನ್‌ಸ್ಟ್ರೇನ್ ಕ್ರಾಪ್ ಅಥವಾ ಆಟೋ ಸ್ಕೇಲ್ ಅದನ್ನು ಕತ್ತರಿಸುತ್ತದೆ. ಕತ್ತರಿಸುವಾಗ ಮುಖ್ಯ ವಸ್ತು ಹೋಗಿಲ್ಲ ಎಂದು ನೋಡಿ. ತೆಗೆಯುವಾಗಲೇ ಸುತ್ತ ಸ್ವಲ್ಪ ಜಾಗ ಬಿಟ್ಟುಕೊಂಡರೆ ಈ ತಲೆನೋವಿಲ್ಲ.

ಶಾರ್ಪನಿಂಗ್ ಕೊನೆಗೆ. ಬ್ಯಾರಲ್ ತಿದ್ದುವಾಗ ಮೂಲೆಗಳು ಹಿಗ್ಗುತ್ತವೆ, ಅಲ್ಲಿ ವಿವರ ಸ್ವಲ್ಪ ಮೃದುವಾಗುತ್ತದೆ. ಗಿಂಪ್‌ನಲ್ಲಿ ಡಿಸ್ಟಾರ್ಷನ್ ಒಮ್ಮೆ, ತಿರುಗಿಸುವುದು ಒಮ್ಮೆ, ಪರ್ಸ್ಪೆಕ್ಟಿವ್ ಒಮ್ಮೆ ಅಂತ ಬೇರೆ ಬೇರೆಯಾಗಿ ಮಾಡಿದರೆ ಪ್ರತಿ ಸಲವೂ ಪಿಕ್ಸೆಲ್‌ಗಳ ಮರುಲೆಕ್ಕ ಆಗುತ್ತದೆ, ಪ್ರತಿ ಸಲವೂ ಒಂದಿಷ್ಟು ಮಸುಕು. ತಿರುಗಿಸುವುದು, ಪರ್ಸ್ಪೆಕ್ಟಿವ್ ಎರಡನ್ನೂ ಯೂನಿಫೈಡ್ ಟ್ರಾನ್ಸ್‌ಫಾರ್ಮ್‌ನಲ್ಲಿ ಒಟ್ಟಿಗೆ ಮುಗಿಸಿ.

ಒಂದೇ ಲೆನ್ಸ್‌ನ ಹಲವು ಫೋಟೋ ಇದ್ದರೆ ಪ್ರೊಫೈಲ್ ಸೆಟ್ಟಿಂಗ್ ಎಲ್ಲಕ್ಕೂ ಕಾಪಿ ಮಾಡಬಹುದು. ಕೈಯಿಂದ ತಿದ್ದಿದ ಡಿಸ್ಟಾರ್ಷನ್ ಅದೇ ಫೋಕಲ್ ಲೆಂತ್‌ನ ಫೋಟೋಗಳಿಗೆ ಮಾತ್ರ. ಪರ್ಸ್ಪೆಕ್ಟಿವ್ ಯಾವುದಕ್ಕೂ ಕಾಪಿ ಮಾಡಬೇಡಿ.

## ಹಂತ 9: ನಿಮ್ಮದೇ ಪ್ರೊಫೈಲ್ ಮಾಡಿಕೊಳ್ಳಿ

ಇದು ಎಲ್ಲರಿಗೂ ಬೇಡ. ಪ್ರೊಫೈಲ್ ಇಲ್ಲದ ಒಂದು ಲೆನ್ಸನ್ನು ಮತ್ತೆ ಮತ್ತೆ ಬಳಸುವವರಾದರೆ ಮಾತ್ರ ಸಮಯ ಹಾಕಿ.

ಉದ್ದನೆಯ ನೇರ ಗೆರೆಗಳಿರುವ ಆಧುನಿಕ ಕಟ್ಟಡವೊಂದನ್ನು ದೂರದಿಂದ ತೆಗೆಯಿರಿ. ಒಂದು ಗೆರೆಯಾದರೂ ಫೋಟೋದ ಉದ್ದನೆಯ ಅಂಚಿನ ಪಕ್ಕದಲ್ಲೇ, ಈ ತುದಿಯಿಂದ ಆ ತುದಿಯವರೆಗೆ ಹಾದುಹೋಗಲಿ. ಎಫ್/8, ಕಡಿಮೆ ಐಎಸ್‌ಒ. ಜೂಮ್ ಆದರೆ ಎರಡು ತುದಿ, ನಡುವೆ ಮೂರು, ಹೀಗೆ ಕನಿಷ್ಠ ಐದು ಫೋಕಲ್ ಲೆಂತ್‌ನಲ್ಲಿ ತೆಗೆಯಿರಿ. ಕರೆಂಟ್ ತಂತಿಯನ್ನು ನಂಬಬೇಡಿ, ಅದು ಜೋತುಬಿದ್ದಿರುತ್ತದೆ. ಹಳೆಯ ಗೋಡೆ, ತಗಡಿನ ಚಾವಣಿಯೂ ಬೇಡ.

ಹ್ಯೂಗಿನ್ ಜೊತೆ ಲೆನ್ಸ್ ಕ್ಯಾಲಿಬ್ರೇಷನ್‌ಗೆಂದೇ ಒಂದು ಪ್ರೋಗ್ರಾಂ ಬರುತ್ತದೆ. ಫೋಟೋ ಕೊಟ್ಟರೆ ಗೆರೆಗಳನ್ನು ಅದೇ ಹುಡುಕುತ್ತದೆ. ನಿಜಕ್ಕೂ ನೇರವಲ್ಲದ ಗೆರೆಗಳು ಆಯ್ಕೆಯಲ್ಲಿ ಸೇರಿಕೊಂಡಿಲ್ಲ ಎಂದು ನೋಡಿಕೊಳ್ಳಿ. ಬಾಗನ್ನು ಹೇಳುವ ಎ, ಬಿ, ಸಿ ಎಂಬ ಮೂರು ಸಂಖ್ಯೆಗಳಲ್ಲಿ ಮೊದಲು ಬಿ ಒಂದನ್ನೇ ಲೆಕ್ಕ ಹಾಕಿಸಿ. ಅಂಚು ಇನ್ನೂ ಅಲೆಯಂತಿದ್ದರೆ ಮಾತ್ರ ಮೂರನ್ನೂ ಲೆಕ್ಕ ಹಾಕಿಸಿ. ಗೆರೆಗಳು ಕಡಿಮೆ ಇದ್ದಾಗ ಮೂರನ್ನೂ ಲೆಕ್ಕ ಹಾಕಿಸಿದರೆ, ಆ ಒಂದು ಫೋಟೋಗೆ ಸರಿಹೊಂದಿ ಉಳಿದವನ್ನು ಕೆಡಿಸುವ ಪ್ರೊಫೈಲ್ ಹುಟ್ಟುತ್ತದೆ. ಬಂದ ಸಂಖ್ಯೆಗಳನ್ನು ಲೆನ್ಸ್‌ಫನ್‌ನ ಫೈಲ್‌ನಲ್ಲಿ ಆಯಾ ಫೋಕಲ್ ಲೆಂತ್ ಎದುರು ಬರೆದರಾಯಿತು.

ಅಡೋಬಿ ಬಳಸುವವರಿಗೆ ಲೆನ್ಸ್ ಪ್ರೊಫೈಲ್ ಕ್ರಿಯೇಟರ್ ಇದೆ. ಚೆಸ್ ಹಲಗೆಯಂಥ ಚಾರ್ಟ್ ಪ್ರಿಂಟ್ ಮಾಡಿ, ಫ್ರೇಮ್‌ನ ಬೇರೆ ಬೇರೆ ಕಡೆ ಬರುವಂತೆ ಒಂಬತ್ತು ಫೋಟೋ ತೆಗೆದು ಅದಕ್ಕೆ ಕೊಡಬೇಕು. ಕಾಗದ ಸುಕ್ಕಾಗದಂತೆ ಗಟ್ಟಿ ಹಲಗೆಗೆ ಅಂಟಿಸಿ. ಕಾಗದದ ಬಾಗು ಲೆನ್ಸ್‌ನ ಲೆಕ್ಕಕ್ಕೆ ಸೇರಿಬಿಡುತ್ತದೆ.

## ಇಲ್ಲಿ ನಿಲ್ಲಿಸಿ: ತಿದ್ದಬಾರದ ಎರಡು ಸಂದರ್ಭ

ಗುಂಪಿನ ಫೋಟೋದಲ್ಲಿ ಕೊನೆಯಲ್ಲಿ ನಿಂತವರ ಮುಖ ಅಡ್ಡಡ್ಡ ಹಿಗ್ಗಿದ್ದರೆ ಅದು ಡಿಸ್ಟಾರ್ಷನ್ ಉಳಿದಿದೆ ಅಂತಲ್ಲ. ವೈಡ್ ಲೆನ್ಸ್‌ನಲ್ಲಿ ಗೆರೆಗಳನ್ನು ನೇರ ಇಡಬೇಕೆಂದರೆ ಅಂಚಿನ ವಸ್ತುಗಳು ಹಿಗ್ಗಲೇಬೇಕು. ಪ್ರೊಫೈಲ್ ಇನ್ನಷ್ಟು ಏರಿಸಿದರೆ ಮುಖ ಇನ್ನಷ್ಟು ಹಿಗ್ಗುತ್ತದೆ. ಹಿಂದೆ ಗೋಡೆ ಗೆರೆ ಏನೂ ಇಲ್ಲದಿದ್ದರೆ ಸ್ಲೈಡರನ್ನು 100ರಿಂದ 40, 50ಕ್ಕೆ ಇಳಿಸಿ, ಮುಖ ಸುಧಾರಿಸುತ್ತದೆ. ಡಿಎಕ್ಸ್‌ಒ ವ್ಯೂಪಾಯಿಂಟ್‌ನಲ್ಲಿ ಇದಕ್ಕೆಂದೇ ಬೇರೆ ಉಪಕರಣವಿದೆ.

ಎರಡನೆಯದು ಫಿಶ್‌ಐ. ಬೇಕೆಂದೇ ಗೆರೆ ಬಾಗಿಸಿ ಅತಿ ಅಗಲ ನೋಟ ಹಿಡಿಯುವ ಲೆನ್ಸ್ ಅದು. 180 ಡಿಗ್ರಿ ನೋಟವನ್ನು ಪೂರ್ತಿ ನೇರ ಗೆರೆಗಳ ಚಿತ್ರವಾಗಿ ಮಾಡುವುದು ಗಣಿತದಲ್ಲೇ ಆಗದ ಮಾತು, ಅಂಚುಗಳು ಅನಂತದವರೆಗೆ ಹಿಗ್ಗಬೇಕಾಗುತ್ತದೆ. ಡಾರ್ಕ್‌ಟೇಬಲ್‌ನ ಲೆನ್ಸ್ ಕರೆಕ್ಷನ್‌ನಲ್ಲಿ ಟಾರ್ಗೆಟ್ ಜಿಯಾಮೆಟ್ರಿಯನ್ನು ರೆಕ್ಟಿಲೀನಿಯರ್ (ಎಲ್ಲ ಗೆರೆಯೂ ನೇರ) ಬದಲು ಪನೋರಮಿಕ್ ಅಥವಾ ಸ್ಟೀರಿಯೋಗ್ರಾಫಿಕ್‌ಗೆ ಇಟ್ಟು ನೋಡಿ. ಪನೋರಮಿಕ್‌ನಲ್ಲಿ ಲಂಬ ಗೆರೆಗಳು ನೆಟ್ಟಗಾಗುತ್ತವೆ, ಅಡ್ಡ ಗೆರೆಗಳು ಬಾಗಿಯೇ ಉಳಿಯುತ್ತವೆ. ಒಳಾಂಗಣದ ಫೋಟೋಗೆ ಬಹಳ ಸಲ ಅಷ್ಟೇ ಸಾಕಾಗುತ್ತದೆ.